ವಾಪಸ್ ಬಂದ ಎರಡು ಬಾಟಲಿ

ಬಳ್ಳಾರಿಯ ಹೋಟೆಲೊಂದರ ಬಾರ್ ವಿಭಾಗವನ್ನು ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಒಂಬತ್ತು ವರ್ಷಗಳಾಗಿವೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಗಿರಾಕಿಗಳು ಬಿಯರನ್ನು ಎರಡೇ ಪ್ರಶ್ನೆಗಳಿಂದ ಅಳೆಯುತ್ತಾರೆ: ತಣ್ಣಗಿದೆಯೇ, ಸ್ಟ್ರಾಂಗ್ ಇದೆಯೇ. ನಾನೂ ಹಾಗೆಯೇ ಅಳೆಯುತ್ತಿದ್ದೆ.

ಎರಡು ಬೇಸಿಗೆಗಳ ಹಿಂದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು ನಮ್ಮಲ್ಲಿ ಇಳಿದುಕೊಳ್ಳುವ ಎಂಜಿನಿಯರುಗಳು ಕೇಳಿದರೆಂದು, ಬೆಲ್ಜಿಯಂ ಶೈಲಿಯ ಗೋಧಿ ಬಿಯರನ್ನು ಒಂದೇ ಒಂದು ಪೆಟ್ಟಿಗೆ ತರಿಸಿದೆವು. ಅದರ ಆಲ್ಕೊಹಾಲ್ ಪ್ರಮಾಣ ಶೇ. 3.5. ಮೊದಲ ರಾತ್ರಿಯೇ ಎರಡು ಬಾಟಲಿಗಳು ವಾಪಸ್ ಬಂದವು. ಬಡಿಸುವ ಹುಡುಗ ಗಾಬರಿಯಿಂದ, “ಸರ್, ಮಬ್ಬು ಐತ್ರಿ, ಕೆಟ್ಟೈತಿ ಅನ್ನಾಕತ್ತಾರ” ಎಂದ. ಫ್ರೀಜರಿನಿಂದ ತೆಗೆದ ಮಗ್ಗಿನಲ್ಲಿ ಅದು ತಿಳಿ ಮಜ್ಜಿಗೆಯಂತೆ ಕಾಣುತ್ತಿತ್ತು, ಒಂದು ಗುಟುಕು ಕುಡಿದರೆ ಬರೀ ತಣ್ಣೀರಿನ ರುಚಿ. ನಾನು ಕ್ಷಮೆ ಕೇಳಿ ಬಿಲ್ಲಿನಿಂದ ಅದನ್ನು ತೆಗೆಸಿದೆ.

ಇದನ್ನು ನೋಡುತ್ತಿದ್ದ ಹಿರಿಯ ಎಂಜಿನಿಯರೊಬ್ಬರು, ಕೆಲವು ವರ್ಷ ಬೆಲ್ಜಿಯಂನ ಗೆಂಟ್ ನಗರದಲ್ಲಿ ಇದ್ದವರು, ಅದೇ ಬಿಯರನ್ನು ಸಾದಾ ಗ್ಲಾಸಿನಲ್ಲಿ ಕೊಡುವಂತೆ ಕೇಳಿದರು. ಮುಕ್ಕಾಲು ಭಾಗ ಸುರಿದುಕೊಂಡು, ಬಾಟಲಿಯಲ್ಲಿ ಉಳಿದುದನ್ನು ಮೆಲ್ಲಗೆ ಸುತ್ತಿಸಿ ತಳದ ಯೀಸ್ಟನ್ನೂ ಗ್ಲಾಸಿಗೆ ಇಳಿಸಿದರು. ಹತ್ತು ನಿಮಿಷ ಮುಟ್ಟಲಿಲ್ಲ. ಆಮೇಲೆ ಗ್ಲಾಸನ್ನು ನನ್ನ ಮೂಗಿನ ಬಳಿ ತಂದರು. ಕಿತ್ತಳೆ ಸಿಪ್ಪೆ, ಅದರ ಹಿಂದೆಯೇ ನಮ್ಮ ಕಡೆ ಹವೀಜ ಎನ್ನುವ ಕೊತ್ತಂಬರಿ ಬೀಜ, ಕೊನೆಗೆ ಲವಂಗದ ನೆರಳಿನಂಥ ಒಂದು ಘಮ. ಅರ್ಧ ಗಂಟೆಯ ಹಿಂದೆ ನಾನೇ ನೀರೆಂದು ತೀರ್ಮಾನಿಸಿದ್ದ ಬಿಯರ್ ಅದು.

ಆ ಘಮವನ್ನು ಕೊಂದವನು ನಾನೇ ಎಂಬುದು ನಿಧಾನವಾಗಿ ಅರ್ಥವಾಯಿತು. ಮೊಳಕೆ ಬರಿಸದ ಗೋಧಿ ಮತ್ತು ತೇಲುವ ಯೀಸ್ಟ್ ಸೇರಿ ಈ ಬಿಯರಿಗೆ ಮಬ್ಬು ಬರುತ್ತದೆ, ಅದು ಕೆಡುಕಿನ ಗುರುತಲ್ಲ. ಅತಿಯಾದ ತಣುಪಿನಲ್ಲಿ ಸುವಾಸನೆಯ ಅಂಶಗಳು ಗ್ಲಾಸಿನಿಂದ ಮೇಲೇಳುವುದೇ ಇಲ್ಲ, ನಾಲಗೆಯೂ ಜಡವಾಗುತ್ತದೆ. ಮಗ್ಗಿನ ಒಳಗೋಡೆಯ ಹಿಮ ಕರಗಿ ಬಿಯರನ್ನು ಇನ್ನಷ್ಟು ನೀರಾಗಿಸುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನಲ್ಲಿ ಈ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ. ಹಗುರ ಬಿಯರಿಗೆ ಅಂಥ ಮರೆಯಿಲ್ಲ.

ಕಡಿಮೆ ಆಲ್ಕೊಹಾಲ್ ಎಂದರೆ ಕಡಿಮೆ ದರ್ಜೆ ಎಂಬ ನನ್ನ ಎಣಿಕೆಯೂ ಆಮೇಲೆ ಓದಿದಂತೆಲ್ಲ ಸಡಿಲವಾಯಿತು. ಬಿಯರ್ ತಯಾರಿಸುವ ಬೆಲ್ಜಿಯಂನ ವೆಸ್ಟ್‌ಮಾಲೆ ಮಠದ ‘ಟ್ರಿಪೆಲ್’ ಶೇ. 9.5ರ ಬಿಯರ್, ಆದರೆ ಅಲ್ಲಿನ ಸನ್ಯಾಸಿಗಳು ತಮ್ಮ ಊಟದ ಮೇಜಿಗೆ ಇರಿಸಿಕೊಂಡದ್ದು ಶೇ. 4.8ರ ‘ಎಕ್ಸ್‌ಟ್ರಾ’ ಎಂಬ ಹಗುರ ಬಿಯರನ್ನು. ಬೆಲ್ಜಿಯಂನದೇ ಹೂಗಾರ್ಡನ್ ಊರಿನಲ್ಲಿ ನಿಂತೇಹೋಗಿದ್ದ ಗೋಧಿ ಬಿಯರನ್ನು 1960ರ ದಶಕದಲ್ಲಿ ಮತ್ತೆ ತಯಾರಿಸಿದವರು ಪಿಯೆರ್ ಸೆಲಿಸ್, ಒಬ್ಬ ಹಾಲು ಮಾರುವವರು. (ಈ ಸಂಗತಿ ಹೇಳಿದಾಗಲೆಲ್ಲ ನಮ್ಮ ಅಡುಗೆಮನೆಯವರು ನಗುತ್ತಾರೆ.)

ಈಗ ಈ ಬಿಯರಿಗೆ ಬೇರೆ ಫ್ರಿಜ್ ಇದೆ, ಅದು 6ರಿಂದ 8 ಡಿಗ್ರಿಯಲ್ಲಿರುತ್ತದೆ. ಗ್ಲಾಸುಗಳನ್ನು ಸಾಬೂನಿನ ಜಿಡ್ಡು ಉಳಿಯದಂತೆ ತೊಳೆಯುತ್ತೇವೆ, ಏಕೆಂದರೆ ಜಿಡ್ಡಿನ ಮೇಲೆ ನೊರೆ ನಿಲ್ಲುವುದಿಲ್ಲ. ಜೊತೆಗೆ ಮಿರ್ಚಿ ಬಜ್ಜಿಯನ್ನು ಧೈರ್ಯವಾಗಿ ಸೂಚಿಸುತ್ತೇವೆ. ಆಲ್ಕೊಹಾಲ್ ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಏರುವುದರಿಂದ, ಬಳ್ಳಾರಿಯ ಖಾರಕ್ಕೆ ಹಗುರ ಬಿಯರೇ ಹೊಂದುತ್ತದೆ. ಲೆಕ್ಕ ಕೇಳುವವರಿಗೆ ಲೆಕ್ಕವನ್ನೂ ಕೊಡುತ್ತೇನೆ: ಶೇ. 3.5ರ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 11.5 ಮಿ.ಲೀ. ಆಲ್ಕೊಹಾಲ್, ಶೇ. 8ರ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ.

“ಲೈಟ್ ಬಿಯರ್ ಸರ್” ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಅದೇ ಹುಡುಗ ಈಗ, “ಮೊದಲು ಹವೀಜದ ವಾಸನಿ ನೋಡ್ರಿ” ಎನ್ನುತ್ತಾನೆ. ಆದರೂ ವಾರಕ್ಕೊಬ್ಬರಾದರೂ ಐಸ್ ಕೇಳುತ್ತಾರೆ. ಕೊಡುತ್ತೇವೆ, ಬೇರೆ ಗ್ಲಾಸಿನಲ್ಲಿ.