ಕೊನೆಯ ಬೋಗಿಯಲ್ಲಿ ಕೂತು ಕೇಳಿದ ಎಂಜಿನ್

ಮೆಟ್ಟುಪಾಳ್ಯಂ ಸ್ಟೇಷನ್ನಿಗೆ ನಾವು ಹೋದಾಗ ಬೆಳಗಿನ ಆರೂಕಾಲು. ಊಟಿಯ ಪುಟ್ಟ ರೈಲು ಹೊರಡುವುದು 7:10ಕ್ಕೆ. ಟಿಕೆಟ್ ತಿಂಗಳ ಮೊದಲೇ ಆಗಿತ್ತು, ಸೀಟಿಗಾಗಿ ಓಡುವ ಅಗತ್ಯ ಇರಲಿಲ್ಲ. ನಾನು ಬಂದದ್ದು ಎಂಜಿನ್ನಿನ ಶಬ್ದ ರೆಕಾರ್ಡ್ ಮಾಡಿಕೊಳ್ಳಲು, ಮೊದಲು ಬೇಕಿದ್ದದ್ದು ಅದು ಸುಮ್ನೆ ನಿಂತಿರುವಾಗಿನ ಶಬ್ದ. ಜನ ಸೇರಿದ ಮೇಲೆ ಅದು ಸಿಗುವುದಿಲ್ಲ.

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನನ್ನದೊಂದು ಮಾದರಿ ರೈಲು ಇದೆ. ಅಳತೆ 1:87. ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ, ಈ ಮಾದರಿಯಲ್ಲಿ ಅದು 12 ಮಿಲಿಮೀಟರ್. ನೀಲಗಿರಿಯ ಎಕ್ಸ್ ಕ್ಲಾಸ್ ಎಂಜಿನ್ನನ್ನು ಹಿತ್ತಾಳೆ ತಗಡು ಕತ್ತರಿಸಿ ನಾನೇ ಮಾಡಿದ್ದೇನೆ. ಒಳಗೆ ಸೌಂಡ್ ಡಿಕೋಡರ್, ಅಂದರೆ ಎಂಜಿನ್ ಓಡುವಾಗ ತಕ್ಕ ಶಬ್ದ ನುಡಿಸುವ ಪುಟ್ಟ ಚಿಪ್ಪು, ಜೊತೆಗೆ ಸಕ್ಕರೆ ಅಚ್ಚಿನಷ್ಟು ದೊಡ್ಡ ಸ್ಪೀಕರ್. ಡಿಕೋಡರಿಗೆ ಹಾಕಿದ್ದ ಶಬ್ದ ಮಾತ್ರ ಯಾವುದೋ ಜರ್ಮನ್ ಎಂಜಿನ್ನಿನದು. ಕಣ್ಣಿಗೆ ಕೂನೂರು ಘಾಟಿ, ಕಿವಿಗೆ ಬೇರೆ ದೇಶ. ಎರಡು ವರ್ಷ ಅದು ನನ್ನನ್ನು ಕಾಡಿತು.

ಚಿಕ್ಕಂದಿನಲ್ಲಿ ನಂಜನಗೂಡಿನ ಅಜ್ಜಿ ಮನೆಗೆ ಮೀಟರ್ ಗೇಜ್ ರೈಲಿನಲ್ಲೇ ಹೋಗುತ್ತಿದ್ದೆವು. ಎಂಜಿನ್ ಹೊರಡುವಾಗಿನ ಮೊದಲ ನಾಲ್ಕು ಉಸಿರು ಇವತ್ತಿಗೂ ಕಿವಿಯಲ್ಲಿದೆ. ಅದನ್ನು ಯಾರೂ ಹಿಡಿದಿಡಲಿಲ್ಲ. ಊಟಿಯದಾದರೂ ಇನ್ನೂ ಓಡುತ್ತಿದೆ, ಅಲ್ವಾ?

ಹಿಂದಿನ ದಿನ ನನ್ನ ಬಾಮೈದ ಕಾರು ಓಡಿಸಿದ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಆದ್ದರಿಂದ ಬೆಳಕು ಹರಿದ ಮೇಲೆಯೇ ಕಾಡು ದಾಟಿದೆವು. ನೀಲಗಿರಿಗೆ ಈಗ ಇ-ಪಾಸ್ ಬೇಕು, ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಗೂಡಲೂರು, ಊಟಿ, ಕೂನೂರು ದಾಟಿ ಸಂಜೆಗೆ ಮೆಟ್ಟುಪಾಳ್ಯಂ ಮುಟ್ಟಿ ಅಲ್ಲೇ ಉಳಿದೆವು.

ಆ ಬೆಳಗ್ಗೆ ನಮಗೆ ಸಿಕ್ಕಿದ್ದು ಎಣ್ಣೆ ಉರಿಸುವ ಎಂಜಿನ್. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಕಟ್ಟಿದ್ದು. ಎಕ್ಸ್ ಕ್ಲಾಸಿನ ಮೂಲ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಿಂದ ಬಂದವು. ಹತ್ತಿರ ಹೋದರೆ ಮೊದಲು ಕೇಳುವುದು ಬರ್ನರಿನ ಸದ್ದು, ದೊಡ್ಡ ಸ್ಟವ್ ಉರಿದ ಹಾಗೆ, ನಿಲ್ಲದ ಒಂದು ಗೊರ್ ಎನ್ನುವ ದನಿ. ಅದರ ಮೇಲೆ ಎಲ್ಲೋ ಒಂದು ಕಡೆ ಸಣ್ಣಗೆ ಹಬೆ ಸೋರುವ ಸೀ ಸದ್ದು. ನನ್ನ ಡಿಕೋಡರಿನಲ್ಲಿ ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಹಾಕುವ ಶಬ್ದವಿತ್ತು. ಈ ಎಂಜಿನ್ನಿಗೆ ಸಲಿಕೆಯೇ ಬೇಡ! ಒಂದು ತಪ್ಪು ಅಲ್ಲೇ ಸಿಕ್ಕಿತು.

ರೆಕಾರ್ಡರಿನಲ್ಲಿ ಒಂದು ವಿಷಯ ನೆನಪಿಡಬೇಕು. ಶಬ್ದದ ಮಟ್ಟವನ್ನು ಯಂತ್ರಕ್ಕೆ ಬಿಡಬಾರದು, ನಾವೇ ಇಡಬೇಕು. ಬಿಟ್ಟರೆ ಪ್ರತಿ ಉಸಿರಿನ ನಂತರ ಅದು ತಾನೇ ಮಟ್ಟ ಏರಿಸಿ, ಹಿಂದಿನ ಗದ್ದಲವನ್ನೆಲ್ಲ ಮುಂದೆ ತರುತ್ತದೆ. ನಾನು ಕೈಯಾರೆ ಇಟ್ಟೆ. ಆದರೆ ಜಾಸ್ತಿ ಇಟ್ಟೆ. ಸಿಳ್ಳೆ ಹಾಕಿದ್ದೇ ತಡ, ಕೆಂಪು ದೀಪ ಹತ್ತಿತು. ಆ ಸಿಳ್ಳೆ ಒಡೆದು ಹೋಯಿತು, ಮನೆಯಲ್ಲಿ ಏನು ಮಾಡಿದರೂ ಸರಿಯಾಗಲಿಲ್ಲ. ಮಟ್ಟ ಅರ್ಧಕ್ಕೆ ಇಳಿಸಿ ಮುಂದೆ ಹೋದೆ.

ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಎಂಜಿನ್ ಹಿಂದೆ ಇರುತ್ತದೆ, ಗಾಡಿಯನ್ನು ಮೇಲಕ್ಕೆ ನೂಕುತ್ತದೆ. ಎಲ್ಲರಿಗೂ ಮುಂದಿನ ಬೋಗಿ ಬೇಕು, ನೋಟ ಅಲ್ಲಿ ಚೆನ್ನ. ನಮಗೆ ಸಿಕ್ಕಿದ್ದು ಕೊನೆಯ ಬೋಗಿ. ಬಾಮೈದನಿಗೆ ಬೇಜಾರು. "ಭಾವ, ಕಿಟಕಿಯಿಂದ ಬರೀ ಹೊಗೆ ಕಾಣುತ್ತಲ್ಲ" ಎಂದ. ನನಗೋ ಇದಕ್ಕಿಂತ ಒಳ್ಳೆಯ ಜಾಗ ಇಡೀ ಗಾಡಿಯಲ್ಲಿ ಇರಲಿಲ್ಲ.

ಕಲ್ಲಾರಿನವರೆಗೆ ನೆಲ ಹೆಚ್ಚುಕಡಿಮೆ ಸಮ. ಎಂಜಿನ್ ಮಾಮೂಲಿ ಎಂಜಿನ್ನಿನಂತೆ ಓಡಿತು. ಇಲ್ಲಿ ದುಡಿಯುವುದು ಎರಡೇ ಸಿಲಿಂಡರ್, ಪ್ರತಿಯೊಂದೂ ಗಾಲಿಯ ಒಂದು ಸುತ್ತಿಗೆ ಎರಡು ಸಲ ಹಬೆ ಬಿಡುತ್ತದೆ. ಒಟ್ಟು ನಾಲ್ಕು ಉಸಿರು. ಬಹುಪಾಲು ಡಿಕೋಡರುಗಳ ಲೆಕ್ಕವೂ ಇದೇ: ಒಂದು ಸುತ್ತಿಗೆ ನಾಲ್ಕು.

ಕಲ್ಲಾರ್ ದಾಟಿದ ಮೇಲೆ ಹಲ್ಲಿನ ಹಳಿ ಶುರು. ಎರಡು ಹಳಿಗಳ ನಡುವೆ ಇನ್ನೆರಡು ಉಕ್ಕಿನ ಪಟ್ಟಿ, ಅವುಗಳಲ್ಲಿ ಹಲ್ಲು. ಒಂದು ಪಟ್ಟಿಯ ಹಲ್ಲು ಇರುವ ಕಡೆ ಇನ್ನೊಂದರಲ್ಲಿ ಸಂದು. ಹೀಗಾಗಿ ಎಂಜಿನ್ನಿನ ಹಲ್ಲುಚಕ್ರಕ್ಕೆ ಯಾವಾಗಲೂ ಹಿಡಿತ ಇರುತ್ತದೆ. ಏರು 12.5 ಅಡಿಗೆ ಒಂದು ಅಡಿ. ಗಾಡಿ ತೀರಾ ನಿಧಾನವಾಯಿತು. ಕೆಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಕೂತ ಒಂದು ಕಟಕ್ ಸದ್ದು, ಬೆಂಚಿಗೆ ಸಣ್ಣ ನಡುಕ. ಆಮೇಲೆ ಎಂಜಿನ್ನಿನ ದನಿಯೇ ಬದಲಾಯಿತು.

ನಾನು ಈ ಪ್ರವಾಸ ಮಾಡಿದ್ದೇ ಆ ಬದಲಾವಣೆಗಾಗಿ ಎಂದು ಈಗ ಅನಿಸುತ್ತದೆ. ಗಾಡಿ ನಿಧಾನವಾದರೆ ಉಸಿರೂ ನಿಧಾನವಾಗಬೇಕು ಎಂದುಕೊಂಡಿದ್ದೆ. ಇಲ್ಲ. ಗಾಡಿ ನಡೆದಾಡುವ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಉಸಿರು ಮಾತ್ರ ಓಡುವವನದು. ಕಾರಣ ಒಳಗಿನ ಕೆಲಸದಲ್ಲಿದೆ. ಈ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಗಾಲಿಗೆ, ಎರಡು ಹಲ್ಲುಚಕ್ರಕ್ಕೆ. ಏರಿನಲ್ಲಿ ಗಾಲಿಯ ಸಿಲಿಂಡರಿನಿಂದ ಹೊರಟ ಹಬೆ ಚಿಮಣಿಗೆ ಹೋಗುವುದಿಲ್ಲ. ಹಲ್ಲುಚಕ್ರದ ಸಿಲಿಂಡರಿಗೆ ಹೋಗಿ, ಅಲ್ಲಿ ಇನ್ನೊಮ್ಮೆ ದುಡಿದು, ಆಮೇಲೆ ಚಿಮಣಿಗೆ. ಅಂದರೆ ನಾವು ಕೇಳುವುದು ಗಾಲಿಯ ಉಸಿರಲ್ಲ, ಹಲ್ಲುಚಕ್ರದ್ದು. ಅದರ ಲಯವೇ ಬೇರೆ. ಗಾಲಿಯ ಸುತ್ತಿಗೆ ನಾಲ್ಕು ಎಂದು ಲೆಕ್ಕ ಇಟ್ಟರೆ ಆ ಏರು ಮಾದರಿ ರೈಲಿನಲ್ಲಿ ಯಾವತ್ತೂ ಬರುವುದಿಲ್ಲ.

ಮೈಕಿಗೆ ಕೂದಲಿನ ಗಾಳಿಕವಚ ಹಾಕಿ ಕಿಟಕಿಯ ಒಳಗೇ ಹಿಡಿದುಕೊಂಡೆ. ಕೈ ಹೊರಗೆ ಚಾಚುವ ಹಾಗಿಲ್ಲ, ಬಂಡೆ ಅಷ್ಟು ಹತ್ತಿರ. ಪ್ರತಿ ಬೋಗಿಯ ಮುಂದಿನ ಕಟ್ಟೆಯಲ್ಲಿ ಬ್ರೇಕಿನವರು ಒಬ್ಬೊಬ್ಬರು ನಿಂತಿರುತ್ತಾರೆ. ಬಾವುಟ ತೋರಿಸಿ ಮುಂದಿನಿಂದ ಹಿಂದಕ್ಕೆ ಸುದ್ದಿ ದಾಟಿಸುತ್ತಾರೆ. ನಮ್ಮ ಬೋಗಿಯವರು ನನ್ನ ಮೈಕು ನೋಡಿ, ತಮಿಳಿನಲ್ಲೇ "ಮುಂದೆ ಸೇತುವೆ, ತಯಾರಾಗಿರಿ" ಎಂದರು. ಸೇತುವೆಯ ಮೇಲೆ ಕೆಳಗಿನ ಕಂದರ ಆ ಉಸಿರನ್ನು ನುಂಗಿಬಿಡುತ್ತದೆ. ಬಂಡೆಯ ಪಕ್ಕಕ್ಕೆ ಬಂದ ತಕ್ಷಣ ಅದೇ ಉಸಿರು ಎರಡು ಪಟ್ಟು ದಪ್ಪ. ಎಂಜಿನ್ ಅದೇ, ಕೆಲಸ ಅದೇ, ಬೆಟ್ಟ ಮಾತ್ರ ಬೇರೆ.

ಹಿಲ್‌ಗ್ರೋವಿನಲ್ಲಿ ನೀರಿಗೆ ನಿಲ್ಲಿಸಿದರು. ಎಲ್ಲರೂ ವಡೆ, ಟೀ ಎಂದು ಇಳಿದರು. ನಾನು ಎಂಜಿನ್ನಿನಿಂದ ಹತ್ತು ಹೆಜ್ಜೆ ದೂರ ನಿಂತೆ. ತೊಟ್ಟಿಗೆ ನೀರು ಬೀಳುವ ಸದ್ದು ಮೊದಲು ಖಾಲಿ ಡ್ರಮ್ಮಿನಂತೆ, ತುಂಬುತ್ತಾ ತುಂಬುತ್ತಾ ಮೆತ್ತಗೆ. ನಂತರ ಇಂಜೆಕ್ಟರ್ ತೆರೆದರು. ಬಾಯ್ಲರಿಗೆ ಹಬೆಯ ಬಲದಿಂದಲೇ ನೀರು ನೂಕುವ ಸಾಧನ ಅದು. ಮೊದಲು ಎರಡು ಸಲ ಕೆಮ್ಮಿತು, ಆಮೇಲೆ ಒಂದೇ ದನಿಗೆ ಕೂತಿತು. ಮೂರು ನಿಮಿಷ ನಲವತ್ತು ಸೆಕೆಂಡು, ಯಾರೂ ಅಡ್ಡ ಬರಲಿಲ್ಲ. ಇಡೀ ದಿನದಲ್ಲಿ ನನಗೆ ಸಿಕ್ಕ ಅತ್ಯಂತ ಸ್ವಚ್ಛ ರೆಕಾರ್ಡಿಂಗ್ ಇದೇ.

ಕೂನೂರಿನಿಂದ ಮುಂದೆ ಡೀಸೆಲ್ ಎಂಜಿನ್. ಊಟಿಯವರೆಗೆ ಹೋದೆವು, ಕೇತಿ ಕಣಿವೆ ಚೆನ್ನಾಗಿತ್ತು. ಮೈಕು ಚೀಲದಲ್ಲೇ ಇತ್ತು. ಮಧ್ಯಾಹ್ನದ ಗಾಡಿಯಲ್ಲಿ ಕಾರಿಗೆ ವಾಪಸ್ಸು.

ಮನೆಗೆ ಬಂದು ಹನ್ನೊಂದು ರಾತ್ರಿ ಕತ್ತರಿಸುವ ಕೆಲಸ. ಒಂದೊಂದು ಉಸಿರನ್ನೂ ಬಿಡಿಬಿಡಿಯಾಗಿ ತೆಗೆಯಬೇಕು. ಅದರ ಬಾಲಕ್ಕೆ ಮುಂದಿನದು ಅಂಟಿರಬಾರದು. ಎರಡು ಗುಂಪು ಮಾಡಿದೆ: ಸಮನೆಲದ್ದು, ಹಲ್ಲಿನ ಹಳಿಯದ್ದು. ಒಂದು ಗುಂಡಿ ಒತ್ತಿದರೆ ಡಿಕೋಡರ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ನಡುವೆ ಆ ಕಟಕ್ ಸದ್ದು. ಅಷ್ಟು ಸಣ್ಣ ಸ್ಪೀಕರಿನಲ್ಲಿ ದಪ್ಪ ದನಿ ಬರುವುದಿಲ್ಲ, ಬರೀ ಗರಗರ ಎನ್ನುತ್ತದೆ. ಕೆಳಗಿನ ಸ್ವರಗಳನ್ನು ತೆಗೆದ ಮೇಲೆಯೇ ಸ್ಪಷ್ಟವಾಯಿತು. ಮೊದಲ ಸಲ ಏರು ಹತ್ತಿಸಿದಾಗ ಬಾಮೈದ ಪಕ್ಕದಲ್ಲಿದ್ದ. ಗುಂಡಿ ಒತ್ತಿದ ಕೂಡಲೇ "ಕಲ್ಲಾರ್!" ಎಂದ.

ಒಂದು ಉಳಿದಿದೆ. ಆ ದಾರಿಯಲ್ಲಿ 16 ಸುರಂಗ. ಪ್ರತಿಯೊಂದರಲ್ಲೂ ಮಕ್ಕಳು, ದೊಡ್ಡವರು ಎಲ್ಲ ಸೇರಿ ಹೋ ಎಂದು ಕೂಗಿದರು. ಅವರ ಖುಷಿ ಅವರದು, ಆದರೆ ಸುರಂಗದೊಳಗಿನ ಎಂಜಿನ್ ನನಗೆ ಒಂದೂ ಸಿಗಲಿಲ್ಲ. ಫೆಬ್ರವರಿಯಲ್ಲಿ ಪರೀಕ್ಷೆಯ ಸಮಯ, ಜನ ಕಡಿಮೆ ಇರಬಹುದು. ವಾರದ ನಡುವಿನ ದಿನ ನೋಡಿ ಎರಡು ಟಿಕೆಟ್ ತೆಗೆದಿದ್ದೇನೆ. ಈ ಸಲ ಕೊನೆಯ ಬೋಗಿ ಸಿಗಲಿ ಎಂದು ಬಾಮೈದನೇ ಹೇಳುತ್ತಿದ್ದಾನೆ.