ಅಜ್ಜಿ, ಆ ಮೇಸ್ತ್ರಿ ಹೆಸರೇನು?

ಈಚೆಗೆ ಒಂದು ಭಾನುವಾರ ತೀರ್ಥಹಳ್ಳಿಗೆ ವಿಡಿಯೋ ಕಾಲ್ ಮಾಡಿದ್ದೆ. ಮಗಳು ಪಕ್ಕದ ಮನೆಯಿಂದ ಹಾಗೇ ಓಡಿ ಬಂದಳು. ಎರಡೂ ಕೈ ಮೊಣಕೈವರೆಗೆ ಗ್ರೀಸು. ಅಮ್ಮ ನೋಡಿದ್ದೇ ತಡ, "ಇದೇನೇ ಅವತಾರ! ಗ್ಯಾರೇಜ್ ಹುಡುಗರ ಹಾಗೆ ಆಗಿದೀಯಲ್ಲೇ" ಅಂದರು. ಅಮ್ಮ ಬೈದಿದ್ದು. ಅವಳಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

"ಅಜ್ಜಿ, ನಿಮ್ಮ ಜೀಪ್ ಯಾರು ರಿಪೇರಿ ಮಾಡ್ತಿದ್ರು?"

"ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಮೇಸ್ತ್ರಿ ಇದ್ದ."

"ಅವರ ಹೆಸರೇನು?"

ಅಮ್ಮ ಅಪ್ಪನ ಮುಖ ನೋಡಿದರು. ಅಪ್ಪನಿಗೆ ನೆನಪಾಗಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ. ನನ್ನ ಬಾಲ್ಯ ಪೂರ್ತಿ ನಮ್ಮ ಜೀಪು ನಿಲ್ಲದ ಹಾಗೆ ನೋಡಿಕೊಂಡ ಮನುಷ್ಯ. ಅಡಿಕೆ ಮೂಟೆ ಮಂಡಿಗೆ ಹೋಗಿದ್ದು, ಅಜ್ಜನನ್ನು ರಾತ್ರೋರಾತ್ರಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದು, ಎಲ್ಲ ಅವರ ಕೈಗುಣದಿಂದ. ಮೇಸ್ತ್ರಿ ಅಂತಲೇ ಕರೆದೆವು, ಮೇಸ್ತ್ರಿ ಅಂತಲೇ ಬಿಟ್ಟೆವು. ಮಗಳು ಮರುದಿನವೂ ಕೇಳಿದಳು, "ಹೆಸರು ಸಿಕ್ತಾ ಅಪ್ಪ?"

ಅವಳು ಹೀಗೆ ಕೇಳೋದಕ್ಕೆ ಕಾರಣ ಪಕ್ಕದ ಮನೆಯ ಟ್ರಕ್ಕು. ನಾವಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದ ರಾಯಲ್ ಓಕ್‌ನಲ್ಲಿ. ಪಕ್ಕದ ಮನೆಯ ಹಿರಿಯರು ತಮ್ಮ ತಂದೆಯ 1969ರ ಶೆವ್ರೊಲೆ ಸಿ-10 ಪಿಕಪ್ಪನ್ನು ಮತ್ತೆ ರಸ್ತೆಗೆ ತರಲು ಹೊರಟಿದ್ದಾರೆ. ಶನಿವಾರ ನಾನೂ ಮಗಳೂ ಅವರ ಗ್ಯಾರೇಜಿನಲ್ಲೇ ಇರುತ್ತೇವೆ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಸಣ್ಣ ತಗಡಿನ ಪಟ್ಟಿಯೊಂದಿದೆ. ಅದರ ಮೇಲಿನ ನಂಬರನ್ನು ಅವರು ಅವಳಿಗೆ ಓದಲು ಕಲಿಸಿದರು. ಎಸ್ ಅಂದರೆ ಆರು ಸಿಲಿಂಡರ್. ಒಂಬತ್ತು ಅಂದರೆ 1969. ಎಫ್ ಅಂದರೆ ಫ್ಲಿಂಟ್, ಈ ಟ್ರಕ್ಕನ್ನು ಕಟ್ಟಿದ ಕಾರ್ಖಾನೆಯ ಊರು. "ಆಗ ನಾನು ಅಲ್ಲೇ ಗಾಡಿ ಜೋಡಿಸುವ ಲೈನಿನಲ್ಲಿದ್ದೆ. ಬಾಗಿಲು ಕೂರಿಸುವ ಕೆಲಸ. ಈ ಬಾಗಿಲು ನಾನೇ ಕೂರಿಸಿದ್ದಿರಬಹುದು" ಅಂತ ಅದರ ಮೇಲೆ ಕೈಯಿಟ್ಟರು.

ಅವರ ತಂದೆಯೂ ಫ್ಲಿಂಟಿನವರೇ. 1936ರ ಡಿಸೆಂಬರ್ ಕೊನೆಯಲ್ಲಿ ಜನರಲ್ ಮೋಟರ್ಸ್ ಕಾರ್ಮಿಕರು ಅಲ್ಲಿನ ಕಾರ್ಖಾನೆಯೊಳಗೇ ಕೂತುಬಿಟ್ಟರಲ್ಲ, ಆ ಧರಣಿಯಲ್ಲಿ ಕೂತವರು. 44 ದಿನ ನಡೆದ ಧರಣಿ ಅದು. 1937ರ ಫೆಬ್ರವರಿಯಲ್ಲಿ ಕಂಪನಿ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸ್ಪ್ಯಾನರ್ ಹಿಡಿದವನಿಗೂ ಒಂದು ಮರ್ಯಾದೆ ಅನ್ನೋದು ಈ ಊರುಗಳಿಗೆ ಸುಮ್ನೆ ಬಂದಿದ್ದಲ್ಲ. ಜಗಳ ಮಾಡಿ ಗಳಿಸಿಕೊಂಡಿದ್ದು.

ಟ್ರಕ್ಕಿನ ಸ್ಥಿತಿ ಮಾತ್ರ ನೋಡೋ ಹಾಗಿರಲಿಲ್ಲ. ಇಲ್ಲಿ ಚಳಿಗಾಲದಲ್ಲಿ ಮಂಜು ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗಿಂತ ಆಳದಲ್ಲಿ, ಉಪ್ಪಿನ ಗಣಿ ಇದೆ. ಕಾರು ಕಟ್ಟುವ ಊರಿನ ನೆಲದಡಿಯ ಉಪ್ಪೇ ಕಾರನ್ನು ತಿನ್ನುತ್ತದೆ. ಕ್ಯಾಬಿನ ಹಿಂದಿನ ಮೂಲೆಗಳು, ಬಾಗಿಲ ಕೆಳಗಿನ ತಗಡು, ಕಾಲಿಡುವ ಜಾಗ, ಎಲ್ಲ ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಸೀಟಿನೊಳಗೆ ಇಲಿ ಸಂಸಾರ. ಆ ಕಾಲದ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನೊಳಗೆ, ಸೀಟಿನ ಹಿಂದೆಯೇ ಇರುತ್ತಿತ್ತು. ಅದರಲ್ಲಿದ್ದ ಹಳೇ ಪೆಟ್ರೋಲು ಅಂಟಾಗಿ ತಳ ಹಿಡಿದಿತ್ತು. ಇಂಜಿನ್ ಜಾಮ್. ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ವಾರಗಟ್ಟಲೆ ಕಾದೆವು. ಆಮೇಲೆ ಫ್ಲೈವೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಮೀಟಿದಾಗ ಒಂದು ದಿನ ಕೂದಲೆಳೆಯಷ್ಟು ಅಲುಗಿತು. ಮಗಳು ಕಿರುಚಿದ್ದು ಬೀದಿಗೆಲ್ಲ ಕೇಳಿರಬೇಕು. ಈಗ ಅವಳ ಬಾಯಲ್ಲಿ ಸದಾ ಒಂದು-ಐದು-ಮೂರು-ಆರು-ಎರಡು-ನಾಲ್ಕು. ಆರು ಸಿಲಿಂಡರಿಗೆ ಕಿಡಿ ಹೋಗುವ ಕ್ರಮ ಅದು. ಆ ಕ್ರಮದಲ್ಲಿ ವೈರ್ ಸಿಕ್ಕಿಸಿದವಳು ಅವಳೇ.

ಇಂಜಿನ್ ಜೋಡಿಸುವಾಗ ನಡೆದದ್ದೊಂದು ಹೇಳಬೇಕು. ಥರ್ಮೋಸ್ಟಾಟ್ ಮುಚ್ಚಳದ ಪ್ಯಾಕಿಂಗ್, ಅಂದರೆ ನೀರು ಸೋರದಂತೆ ಸಂದಿಗೆ ಹಾಕುವ ತೆಳು ಹಾಳೆ, ಅಂಚೆಯಲ್ಲಿ ಬಂದಿದ್ದು ಅಳತೆಗೆ ಸರಿಯಿರಲಿಲ್ಲ. ಹಿರಿಯರು ಮತ್ತೆ ಆರ್ಡರ್ ಮಾಡೋಣ ಅಂದರು. ನಾನು ಅಲ್ಲೇ ಬಿದ್ದಿದ್ದ ಪ್ಯಾಕಿಂಗ್ ಶೀಟನ್ನು ಮುಚ್ಚಳದ ಮೇಲೆ ಹಿಡಿದು, ಸಣ್ಣ ಸುತ್ತಿಗೆಯ ಗುಂಡು ತಲೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿಯುತ್ತಾ ಹೋದೆ. ಕಬ್ಬಿಣದ ಅಂಚೇ ಶೀಟನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿನ ಮೇಲೆ ಒಂದು ಬೇರಿಂಗ್ ಗೋಲಿ ಇಟ್ಟು ಹೊಡೆದರೆ ದುಂಡಗೆ ಬಿಲ್ಲೆ ಕಳಚಿ ಬೀಳುತ್ತದೆ. ಕತ್ತರಿ ಬೇಡ, ಅಳತೆಯೂ ಬೇಡ. ಪ್ಯಾಕಿಂಗ್ ಸರಿಯಾಗಿ ಕೂತಿತು, ಒಂದು ಹನಿ ನೀರು ಸೋರಲಿಲ್ಲ.

"ಎಲ್ಲಿ ಕಲಿತೆ ಇದನ್ನ?"

ಊರಲ್ಲಿ ಒಬ್ಬರು ಮಾಡುವುದನ್ನು ಚಿಕ್ಕಂದಿನಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೆ ಅಂದೆ. ಜೀಪಿನ ಕಥೆ ಹೇಳಿದೆ. ನಮ್ಮದು ಮಹೀಂದ್ರಾ ಸಿಜೆ-3ಬಿ. ಅದರ ಮೂಲ ವಿಲ್ಲಿಸ್ ಕಂಪನಿಯದ್ದು, ಇಲ್ಲಿಂದ ಒಂದು ಗಂಟೆ ಚಿಲ್ಲರೆ ದಾರಿಯ ಟೊಲೆಡೊ ಊರಿನದ್ದು. 1968ರಲ್ಲಿ ಟೊಲೆಡೊದಲ್ಲಿ ಅದನ್ನು ಕಟ್ಟುವುದು ನಿಂತರೂ ನಮ್ಮಲ್ಲಿ ದಶಕಗಳ ಕಾಲ ಮುಂದುವರಿಯಿತು. ಹಿರಿಯರು ಆ ಪ್ಯಾಕಿಂಗ್ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ, "ನನಗೆ ಪ್ರತಿ ಸಾಮಾನೂ ಪೆಟ್ಟಿಗೆಯಲ್ಲಿ ಬರ್ತಿತ್ತು. ಅವರು ತಾವೇ ಮಾಡ್ಕೊಂಡರು. ಅವರು ನನಗಿಂತ ದೊಡ್ಡ ಕೆಲಸಗಾರರು" ಅಂದರು. ಮಗಳು ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅಜ್ಜಿಯನ್ನು ಹೆಸರು ಕೇಳಿದ್ದು ಅದಕ್ಕೇ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಹಿರಿಯರ ಸ್ವಂತ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಈ ಟ್ರಕ್ಕಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲವಂತೆ. ಆದರೆ ನಮ್ಮ ವಿಷಯ ನನಗೆ ಜಾಸ್ತಿ ನೋವು ಕೊಡುತ್ತದೆ. ಮಕ್ಕಳು ಇಂಜಿನಿಯರ್ ಆಗಲಿ ಅಂತ ಹಗಲೂ ರಾತ್ರಿ ಜಪಿಸುತ್ತೇವೆ. ಇಂಜಿನ್ ಬಿಚ್ಚಿ ಕೂರಿಸಿದವರಿಗೆ ಚಾ ಕೊಡುವಾಗ ಲೋಟ ಬೇರೆ ಇಡುತ್ತೇವೆ. ಹೌದು, ನಮ್ಮನೆಯಲ್ಲೂ ಇತ್ತು ಆ ಲೋಟ, ಹಿತ್ತಿಲ ಕಟ್ಟೆಯ ಮೇಲೆ. 2021ರಲ್ಲಿ ಭಾರತ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ಒಳ್ಳೆಯದೇ. ಆ ಗಾಡಿಗಳು ಅಷ್ಟು ವರ್ಷ ಯಾರ ಕೈಯಲ್ಲಿ ಉಳಿದವು ಅನ್ನೋದು ಯಾವ ಕಾಗದದಲ್ಲೂ ಇಲ್ಲ.

ಕೊನೆಗೆ ಹೆಸರು ಸಿಕ್ಕಿತು. ಚಿಕ್ಕಪ್ಪನ ಮಗ ಪೇಟೆಯಲ್ಲಿ ವಿಚಾರಿಸಿ ಫೋನ್ ನಂಬರನ್ನೂ ಕೊಟ್ಟ. ಮನೆಯವರನ್ನು ಕೇಳದೆ ಹೆಸರನ್ನು ಇಲ್ಲಿ ಹಾಕುವುದು ಸರಿಯಲ್ಲ. ಗ್ಯಾರೇಜ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅವರಿಗೆ ಕಣ್ಣು ಮಂಜಾಗಿದೆ, ಮಗ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾನೆ.

ಫೋನಿನಲ್ಲಿ ನಾನು ಯಾರು ಅಂತ ಎಷ್ಟು ಹೇಳಿದರೂ ಅವರಿಗೆ ಗುರುತು ಸಿಗಲಿಲ್ಲ. ಜೀಪಿನ ಮಾತು ತೆಗೆದೆ ನೋಡಿ, "ಹಸಿರು ಜೀಪಲ್ವಾ? ಸೆಕೆಂಡ್ ಗೇರ್ ಜಾರ್ತಿತ್ತು. ಎರಡು ಸಲ ಬಾಕ್ಸ್ ಇಳಿಸಿದೀನಿ" ಅಂದರು. ಅದು ಗುಜರಿಗೆ ಹೋಯಿತು ಅಂತ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅವರೇ ಹೇಳಿದರು, "ಗೊತ್ತು ಬಿಡಿ. ಮುಂದಿನ ಆಕ್ಸಲ್ ನಾನೇ ತಗೊಂಡೆ, ಕೊಪ್ಪದವರ ಜೀಪಿಗೆ ಹಾಕಿದೆ. ಚೆನ್ನಾಗಿ ಓಡ್ತು."

ಮಗಳು ಫೋನ್ ಕಸಿದುಕೊಂಡು ನೇರ ಕೆಲಸಕ್ಕೇ ಬಂದಳು. ನಮಗೆ ಬಾಗಿಲಿನದ್ದೇ ದೊಡ್ಡ ತಲೆನೋವಾಗಿತ್ತು. ತುಕ್ಕು ಹಿಡಿದ ಭಾಗ ಕೊಯ್ಯುವ ಮುಂಚೆ ಕ್ಯಾಬ್ ಸೊಟ್ಟಗಾಗದಿರಲಿ ಅಂತ ಒಳಗೆ ಅಡ್ಡಪಟ್ಟಿ ಬೆಸೆದಿದ್ದೆವು. ಹೊಸ ತಗಡು ಬಿಸಿಗೆ ಡೊಂಕಾಗದಂತೆ ಒಂದೊಂದೇ ಚುಕ್ಕೆ ವೆಲ್ಡ್ ಹಾಕಿ, ಆರಲು ಬಿಟ್ಟು, ಇನ್ನೊಂದು ಕಡೆ ಹಾಕಿದ್ದೆವು. ಇಷ್ಟಾದರೂ ಡ್ರೈವರ್ ಬಾಗಿಲು ಚೌಕಟ್ಟಿಗೆ ತಾಗುತ್ತಿತ್ತು. ಹಿಂಜು ಎಷ್ಟು ಸರಿಸಿದರೂ ಅಷ್ಟೇ. ಅವಳು ತನ್ನ ಅರೆಬರೆ ಕನ್ನಡದಲ್ಲಿ ಎಲ್ಲ ಹೇಳಿದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಬಾಗಿಲು ಮುಟ್ಬೇಡ ಮಗಾ. ಕ್ಯಾಬ್ ಕೆಳಗೆ ಚಾಸಿ ಮೇಲೆ ರಬ್ಬರ್ ಇರುತ್ತೆ, ಅದು ನೋಡು. ಒಂದು ಮೂಲೆ ಕುಸಿದಿರುತ್ತೆ" ಅಂದರು.

ಶನಿವಾರ ಜಾಕ್ ಕೊಟ್ಟು ಕ್ಯಾಬ್ ಎತ್ತಿದೆವು. ಎಡಗಡೆ ಹಿಂದಿನ ರಬ್ಬರು ಚಪ್ಪಟೆಯಾಗಿ ಮಣ್ಣಾಗಿತ್ತು. ಹೊಸದು ಹಾಕಿದ ಮೇಲೆ ಬಾಗಿಲು ಮುಚ್ಚುತ್ತಿದೆ. ಮೇಲಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಸಂದಿ ಇದೆ. ಬ್ರೇಕಿನ ಪೈಪು, ಬಣ್ಣ, ಹಿಂದಿನ ತೊಟ್ಟಿಗೆ ಪೈನ್ ಹಲಗೆ, ಎಲ್ಲ ಬಾಕಿ. ಆಗಸ್ಟಿನ ಮೂರನೇ ಶನಿವಾರ ನಮ್ಮ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಗಾಡಿಗಳ ದೊಡ್ಡ ಮೆರವಣಿಗೆ ನಡೆಯುತ್ತದೆ, 1995ರಿಂದ ಶುರುವಾದದ್ದು. ಅಷ್ಟರೊಳಗೆ ಮುಗಿಸಬೇಕು ಅಂತ ಹಿರಿಯರ ಹಟ. ಮುಗಿಯುತ್ತದೆ ಅಂತ ನನಗನಿಸುವುದಿಲ್ಲ.

ಹಿರಿಯರಿಗೆ ಈಗ ಮೇಸ್ತ್ರಿಯವರ ಜೊತೆ ತಾವೇ ಮಾತಾಡಬೇಕಂತೆ, ಬ್ರೇಕ್ ಡ್ರಮ್ಮಿನದ್ದು ಏನೋ ಕೇಳುವುದಿದೆಯಂತೆ. ಈ ಶನಿವಾರ ಬೆಳಿಗ್ಗೆ, ಊರಲ್ಲಿ ಕತ್ತಲಾಗಿ ಅವರ ಊಟ ಆಗುವ ಮುಂಚೆ, ಫೋನ್ ಹಚ್ಚಿಕೊಡುತ್ತೇನೆ ಅಂದಿದ್ದೇನೆ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳುವ ಕೆಲಸ ಮಗಳದ್ದು.