ಅಬಟ್ ಅಡಲಾರ್ಡನ ಬ್ರೆಡ್ಡಿನ ಲೆಕ್ಕ

ಮಠದಲ್ಲಿ ದಿನಕ್ಕೆ 450 ಬ್ರೆಡ್ಡು ಬೇಕು. ಹಾಗಾದರೆ ವರ್ಷಕ್ಕೆ ಎಷ್ಟು ಧಾನ್ಯ ತರಿಸಬೇಕು? ಫ್ರಾನ್ಸಿನ ಉತ್ತರ ಭಾಗದ ಕ್ರೈಸ್ತ ಮಠ ಕಾರ್ಬಿಯ ಅಬಟ್, ಅಂದರೆ ಮಠಾಧಿಪತಿ, ಅಡಲಾರ್ಡ್ 822ರ ಜನವರಿಯಲ್ಲಿ ಮಾಡಿದ ಕಟ್ಟಳೆಗಳಲ್ಲಿ ಇದರ ಲೆಕ್ಕ ಪೂರ್ತಿ ಸಿಗುತ್ತದೆ.

ಲೆಕ್ಕ ಹಾಕಿದವನು ಉಗ್ರಾಣದ ಗುಮಾಸ್ತನಲ್ಲ, ಫ್ರಾಂಕರ ಅರಸ ಚಾರ್ಲ್‌ಮೇನನ ಚಿಕ್ಕಪ್ಪನ ಮಗ. ಚಾರ್ಲ್‌ಮೇನ್ ತನ್ನ ಲೊಂಬಾರ್ಡ್ ಹೆಂಡತಿಯನ್ನು ಬಿಟ್ಟದ್ದು ಸರಿಕಾಣದೆ ಆಸ್ಥಾನ ತೊರೆದು ಸನ್ಯಾಸಿಯಾದವನು. ಆಮೇಲೆ ಇಟಲಿಯ ಆಡಳಿತಕ್ಕೆ ಅದೇ ಅರಸನಿಗೆ ಇವನೇ ಬೇಕಾದ. 814ರಲ್ಲಿ ಚಾರ್ಲ್‌ಮೇನನ ಮಗ ಲೂಯಿ ಪಟ್ಟಕ್ಕೆ ಬಂದವನೇ ಇವನನ್ನು ನ್ವಾರ್ಮೂಟಿಯೆ ದ್ವೀಪಕ್ಕೆ ಅಟ್ಟಿದ. ಏಳು ವರ್ಷ ಅಲ್ಲಿದ್ದು 821ರಲ್ಲಿ ಹಿಂತಿರುಗಿದ. ಬಂದ ಸ್ವಲ್ಪ ದಿನಕ್ಕೇ ಈ ಕಟ್ಟಳೆ.

ಲೆಕ್ಕ ಹೀಗಿದೆ. ದಿನಕ್ಕೆ 2 ಬುಟ್ಟಿ ಸ್ಪೆಲ್ಟ್ ಗೋಧಿ. ಬುಟ್ಟಿಗೆ 12 ಮೋಡಿಯಸ್. ನಮ್ಮ ಸೇರು, ಕೊಳಗದ ಹಾಗೆ ಮೋಡಿಯಸ್ ಕೂಡ ತುಂಬಿ ಅಳೆಯುವ ಮಾನ. ಸ್ಪೆಲ್ಟ್‌ಗೆ ಹೊಟ್ಟು ಗಟ್ಟಿಯಾಗಿ ಅಂಟಿರುತ್ತದೆ. ಕುಟ್ಟಿ, ಬೀಸಿ, ಜರಡಿ ಹಿಡಿದರೆ ಹನ್ನೆರಡಕ್ಕೆ ಉಳಿಯುವುದು ಐದೇ ಮೋಡಿಯಸ್ ಹಿಟ್ಟು. ಎರಡು ಬುಟ್ಟಿಗೆ ಹತ್ತು. ಒಂದು ಮೋಡಿಯಸ್‌ಗೆ 30 ಬ್ರೆಡ್ಡಿನಂತೆ 300 ಆಯಿತು. ಇನ್ನು 150ಕ್ಕೆ ಬೇಕಾದ 5 ಮೋಡಿಯಸ್ ಗಿರಣಿಗಳಿಂದ ಬರಬೇಕು.

ವರ್ಷಕ್ಕೆ 730 ಬುಟ್ಟಿ ಸಾಕು, ಅವನು ಹೇಳುವುದು 750. ಗಿರಣಿಯಿಂದ 1825 ಮೋಡಿಯಸ್ ಸಾಕು, ಬರೆಯುವುದು 2000. ಬುಟ್ಟಿಯಲ್ಲಿ ಹತ್ತು ದಿನದ ಉಳಿಕೆ, ಗಿರಣಿ ಪಾಲಿನಲ್ಲಿ ಮೂವತ್ತೈದು ದಿನದ್ದು. ಅಳತೆ ಚಕ್ರವರ್ತಿ ನಿಗದಿ ಮಾಡಿದ ಹೊಸ ಮೋಡಿಯಸ್‌ನಲ್ಲೇ ಎಂದೂ ಸ್ಪಷ್ಟವಾಗಿ ಹೇಳುತ್ತಾನೆ. ಅಷ್ಟು ಹೇಳದಿದ್ದರೆ ಹಳ್ಳಿಯಿಂದ ಹಳೆಯ ಮಾನದಲ್ಲಿ ಅಳೆದು ಕಳಿಸಿ, ಇಲ್ಲಿ ಲೆಕ್ಕ ತಪ್ಪುತ್ತಿತ್ತು.

ಅರಮನೆಯ ಆಡಳಿತದ ಬಗ್ಗೆ ಅಡಲಾರ್ಡ್ ಬರೆದ ಕೃತಿ ಈಗ ಇಲ್ಲ. ರೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್‌ಮಾರ್ 882ರಲ್ಲಿ ಅದನ್ನಾಧರಿಸಿ ಬರೆದದ್ದು ಉಳಿದಿದೆ. ವರ್ಷಕ್ಕೆ ಎರಡು ಸಭೆ, ಎರಡನೆಯದರಲ್ಲಿ ಹಿರಿಯರಷ್ಟೇ ಕೂತು ಮುಂದಿನ ವರ್ಷದ ಕೆಲಸ ಯೋಚಿಸುವುದು ಎಂದು ಅದರಲ್ಲಿದೆ. ಉಗ್ರಾಣದ ಬುದ್ಧಿಯೇ ಅರಮನೆಯಲ್ಲೂ ಓಡಿದೆ ಅನ್ನಿಸುತ್ತದೆ.

ಅಡಲಾರ್ಡನ ಕಟ್ಟಳೆಯಲ್ಲಿ ಬಿಯರಿಗೆ ಹಾಕುವ ಹೂವು ಹಾಪ್ಸ್ ಬಗ್ಗೆಯೂ ಒಂದು ಮಾತು: ಗಿರಣಿಯವರಿಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ ಕೆಲಸ ಹಚ್ಚಬಾರದು ಎನ್ನುತ್ತಾನೆ. ಬಿಯರ್ ಇತಿಹಾಸ ಬರೆಯುವವರೆಲ್ಲ ಈ ಸಾಲಿಗೆ ಬಂದೇ ಬರುತ್ತಾರೆ.

ಬಾಗಿಲಿಗೆ ಬರುವ ಬಡವರಿಗೆ ದಿನಕ್ಕೆ 50 ಬ್ರೆಡ್ಡು. ಇದರಲ್ಲಿ 45 ಮಿಶ್ರ ಧಾನ್ಯದವು, ಒಂದೊಂದೂ ಮೂರೂವರೆ ಪೌಂಡ್. ಉಳಿದ 5 ಬಿಳಿಯವು, ದಾರಿಹೋಕ ಪಾದ್ರಿಗಳಿಗೆ, ಕಾಯಿಲೆಯವರಿಗೆ. ರಾತ್ರಿ ತಂಗುವ ಹನ್ನೆರಡು ಮಂದಿಗೆ ತಲಾ ಒಂದು, ಬೆಳಗ್ಗೆ ಹೊರಡುವಾಗ ಅರ್ಧ: ಹದಿನೆಂಟು. ನೋಡಿಕೊಳ್ಳುವ ಇಬ್ಬರಿಗೆ ಎರಡು. ಮಿಕ್ಕ 25ನ್ನು ಬಂದುಹೋಗುವವರಿಗೆ ತುಂಡು ಮಾಡಿ ಹಂಚಬೇಕು. ಜನ ಕಡಿಮೆ ಬಂದರೆ ಉಳಿದದ್ದನ್ನು ತೆಗೆದಿಟ್ಟು, ಹೆಚ್ಚು ಬಂದ ದಿನ ಕೊಡಬೇಕು.